ರೇಡಿಯೋ ಮನೆಯ ವಾರಸುದಾರರು

ಆ ಕುರ್ಚಿಯಲ್ಲಿ ಕೂತದ್ದೇ ತಪ್ಪಾಯಿತು ಎಂದು ಮುರುಗಪ್ಪನಿಗೆ ಗೊತ್ತಾದದ್ದು ಕೂತ ಮೇಲೆ. ನೆಲದಿಂದ ಮೊಳದಷ್ಟೂ ಎತ್ತರವಿಲ್ಲದ, ಹಿಂದಕ್ಕೆ ವಾಲಿದ ಬೆತ್ತದ ಕುರ್ಚಿ ಅದು. ಮೊಣಕಾಲುಗಳು ಎದೆಯ ಮಟ್ಟಕ್ಕೆ ಬಂದು ನಿಂತವು. ತೊಡೆಯ ಮೇಲಿಟ್ಟುಕೊಂಡಿದ್ದ ರಟ್ಟಿನ ಫೈಲು ಗದ್ದಕ್ಕೆ ತಾಗಿತು. ಅರವತ್ತೆಂಟರ ತನಗೆ ಇದರಿಂದ ಒಬ್ಬನೇ ಏಳಲು ಆಗುವುದಿಲ್ಲ, ಹೊರಡುವಾಗ ಯಾರಾದರೂ ಕೈ ಕೊಡಬೇಕಾಗುತ್ತದೆ ಎಂಬ ಅಳುಕಿನಲ್ಲೇ ಅವನು ಮಾತಿಗೆ ತೊಡಗಬೇಕಾಯಿತು. ಎದುರಿಗೆ ಮೇಘಶ್ರೀ ಕಪ್ಪು ಬಿಳಿ ಮೊಸಾಯಿಕ್ ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು ನೋಟುಬುಕ್ಕು ಬಿಡಿಸಿದಳು. ಅವಳ ಗಂಡ ಅಂಜನ್, ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್, ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದ. ಮನೆ ಕೊಂಡು ಎರಡು ವರ್ಷವಾದರೂ ಇಬ್ಬರಿಗೂ ಅದರ ಮೇಲಿನ ಬೆರಗು ಇಳಿದಿರಲಿಲ್ಲ. ಚಿತ್ರದುರ್ಗದಲ್ಲಿ ಆ ಕಾಲದ ಮನೆಗಳನ್ನೆಲ್ಲ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುತ್ತಿದ್ದಾರೆ, ನಮ್ಮದರ ಕಥೆಯನ್ನಾದರೂ ಬರೆದಿಡೋಣ ಎಂದು ಮೇಘಶ್ರೀ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಅವನನ್ನು ಹುಡುಕಿಕೊಂಡು ಬಂದಿದ್ದಳು. ಮನೆಯ ಮೂರು ಕ್ರಯಪತ್ರಗಳ ಕೊನೆಯಲ್ಲೂ ಬರೆದವನ ಹೆಸರು ಒಂದೇ ಇತ್ತು.

"ಹೇಳ್ರಿ ಸಾರ್," ಎಂದಳು. "ಮೊದ್ಲಿಂದ ಒಬ್ಬೊಬ್ಬರನ್ನೇ ಹೇಳ್ರಿ. ಯಾರನ್ನೂ ಬಿಡಬ್ಯಾಡ್ರಿ."

ಯಾರನ್ನೂ ಬಿಡಬೇಡಿ. ಅವಳೇನೋ ಸುಮ್ಮನೆ ಅಂದದ್ದು. ಮುರುಗಪ್ಪ ಫೈಲಿನ ದಾರ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ. ಈ ಮನೆಯ ಕಥೆ ಅವನಿಗೆ ಬಾಯಿಪಾಠ. ಕಡ್ಲೆಕಾಯಿ ಎಣ್ಣೆ ಮಿಲ್ಲಿನ ಶ್ರೀನಿವಾಸ್ ಅರವತ್ತೇಳನೇ ಇಸವಿಯಲ್ಲಿ ಮದ್ರಾಸಿನಿಂದ ಒಬ್ಬ ಎಳೆ ಎಂಜಿನಿಯರನ್ನು ಕರೆಸಿ ಇದನ್ನು ಕಟ್ಟಿಸಿದಾಗ ಊರಿಗೆ ಊರೇ ನೋಡಲು ಬಂದಿತ್ತು. ಹೆಂಚಿಲ್ಲ, ತೊಟ್ಟಿಯಿಲ್ಲ, ಜಗಲಿಯಿಲ್ಲ. ಚಪ್ಪಟೆ ತಾರಸಿ, ಮುಂಭಾಗದ ತುಂಬ ಸಿಮೆಂಟಿನ ಅಡ್ಡಪಟ್ಟಿಗಳು, ಬಲಕ್ಕೆ ಒಂದೇ ಒಂದು ದುಂಡು ಕಿಟಕಿ. ಥೇಟು ಕಪಾಟಿನ ಮೇಲಿಡುವ ರೇಡಿಯೋ. ಆ ಹೆಸರೇ ನಿಂತಿತು. ಗೋಡೆಯಿಂದ ಹೊರಟ ಮೆಟ್ಟಿಲುಗಳಿಗೆ ಕೆಳಗೆ ಆಸರೆಯಿರಲಿಲ್ಲ; ಬಾಗಿಲ ಮುಂದೆ ಹನ್ನೆರಡು ಅಡಿ ಚಾಚಿದ ಚಾವಣಿಗೆ ಒಂದು ಕಂಬವೂ ಇರಲಿಲ್ಲ. ಅದರ ಕೆಳಗೆ ನಿಲ್ಲಲು ಹೆದರಿ ಪೋಸ್ಟ್‌ಮ್ಯಾನ್ ಗೇಟಿನಿಂದಲೇ ಕೂಗುತ್ತಿದ್ದನಂತೆ. ಇದನ್ನೆಲ್ಲ ಹೇಳುತ್ತ ಹೇಳುತ್ತ ಮುರುಗಪ್ಪನಿಗೆ ಉಮೇದು ಬಂತು. ಅಂಜನ್ ನಗುತ್ತಿದ್ದ, ಮೇಘಶ್ರೀ ಬರೆದುಕೊಳ್ಳುತ್ತಿದ್ದಳು. ಕಂಪ್ಯೂಟರು ಬಂದ ಮೇಲೆ ತನ್ನ ಬಾಯಿಂದ ಬಂದದ್ದನ್ನು ಇಷ್ಟು ಗೌರವದಿಂದ ಯಾರೂ ಬರೆದುಕೊಂಡಿರಲಿಲ್ಲ. ಮರದ ಕೆಳಗಿನ ಎಳೆಯರೆಲ್ಲ ಲ್ಯಾಪ್‌ಟಾಪ್ ಬಿಚ್ಚಿ ಕೂತಿರುವಾಗ, ಅವನ ಬಳಿ ಬರುವವರು ಸರ್ವೆ ನಂಬರು ಯಾವ ಕಿಟಕಿಯಲ್ಲಿ ಸಿಗುತ್ತದೆ ಎಂದು ಕೇಳಲಿಕ್ಕಷ್ಟೇ ಬರುತ್ತಿದ್ದರು.

"ಎಪ್ಪತ್ತೊಂಬತ್ತರಾಗೆ ಮಿಲ್ಲು ನಿಂತಿತು. ಜವನಗೊಂಡನಹಳ್ಳಿ ಕಡೆಯಿಂದ ಬಂದ ಕಂಟ್ರಾಕ್ಟರ್ ಚಿಕ್ಕತಿಮ್ಮಪ್ಪ ಕೊಂಡ್ರು. ನಾನು ಸ್ವಂತಕ್ಕೆ ಬರೆದ ಮೊದಲನೇ ಪತ್ರ ಅದು. ಚಾವಣಿ ತಲೆ ಮೇಲೆ ಬಿದ್ದೀತು ಅಂತ ಅವರ ಹೆಂಡ್ತಿ ದುರುಗಕ್ಕಗೆ ಒಂದೇ ದಿಗಿಲು. ಅದಕ್ಕೆ ಕೆಳಗೆ ಎರಡು ಕಲ್ಲುಕಂಬ ನಿಲ್ಸಿದ್ರು. ಕಂಬಕ್ಕೂ ಚಾವಣಿಗೂ ಮಧ್ಯೆ ನಾಲ್ಕು ಬೆರಳು ಸಂದು. ಏನೂ ಹೊರದ ಕಂಬ!"

"ಡಾಕ್ಟ್ರು ಬೋರ್ಡ್ ತಗಲಾಕಿದ್ದು ಅವಕ್ಕೇ ಇರ್ಬೇಕು," ಎಂದ ಅಂಜನ್.

"ಹೌದು. ತೊಂಬತ್ಮೂರರಾಗೆ ಡಾಕ್ಟರ್ ಮಂಗಳಾ ತಗಂಡ್ರು. ಇಪ್ಪತ್ತೊಂಬತ್ತು ವರ್ಷ ಹೆರಿಗೆ ಆಸ್ಪತ್ರೆ. ನೀವೀಗ ಮಲಗೋ ಕೋಣೆಯಾಗೆ ಅರ್ಧ ಊರು ಹುಟ್ಟೈತೆ."

"ಚಿಕ್ಕತಿಮ್ಮಪ್ಪನೋರಿಗೆ ಮಕ್ಕಳು?" ಎಂದಳು ಮೇಘಶ್ರೀ, ತಲೆಯೆತ್ತದೆ.

"ಇಬ್ಬರು ಗಂಡುಮಕ್ಕಳು," ಎಂದ ಮುರುಗಪ್ಪ. ಮಾತು ತಾನಾಗಿ ಬಂತು. ಮೂವತ್ತೊಂದು ವರ್ಷದ ಹಿಂದೆ ಕಾಗದದ ಮೇಲೆ ಬರೆದ ವಾಕ್ಯವೇ ಇವತ್ತು ಬಾಯಿಂದ ಬಂದಿತ್ತು.

ಬರೆದದ್ದು ಇದೇ ಕೋಣೆಯಲ್ಲಿ, ಈ ಅಡ್ಡಪಟ್ಟಿಗಳ ಸಂದಿನ ಬಿಸಿಲು ಹೀಗೇ ನೆಲದ ಮೇಲೆ ಗೆರೆಗೆರೆಯಾಗಿ ಬಿದ್ದಿದ್ದಾಗ. ಚಿಕ್ಕತಿಮ್ಮಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯನ್ನು ಡಾಕ್ಟರಿಗೆ ಮಾರಲು ಹಿರಿಯ ಮಗ ವಂಶವೃಕ್ಷ ಬರೆಯಿರಿ ಎಂದ. ಕಿರಿಯವನು ಬಾಗಿಲು ಹಾಕಿದ. ಮಗಳೊಬ್ಬಳಿದ್ದಾಳಲ್ಲ ಎಂದು ಮುರುಗಪ್ಪ ಪೆನ್ನು ಎತ್ತಿ ಹಿಡಿದಿದ್ದು ನಿಜ. "ಜಾತಿ ಬಿಟ್ಟು ಹೋದೋಳು. ನಮ್ಮ ಪಾಲಿಗೆ ಸತ್ತೋದ್ಲು. ಬರೀಬ್ಯಾಡ್ರಿ," ಎಂದಿದ್ದ ಹಿರಿಯವನು. ಪೆನ್ನು ಎಷ್ಟು ಹೊತ್ತು ಗಾಳಿಯಲ್ಲಿತ್ತು? ಮೂರು ಉಸಿರು ಇದ್ದೀತು. ಆಮೇಲೆ ಅವನು, ಮೃತರಿಗೆ ಪತ್ನಿ ಮತ್ತು ಇಬ್ಬರು ಗಂಡುಮಕ್ಕಳನ್ನು ಹೊರತುಪಡಿಸಿ ಬೇರೆ ವಾರಸುದಾರರಿರುವುದಿಲ್ಲ ಎಂದು, ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ. ದುರುಗಕ್ಕನನ್ನು ಒಳಗಿಂದ ಕರೆತಂದರು. ಅವಳ ಹೆಬ್ಬೆರಳನ್ನು ಮಸಿಗೆ ಒತ್ತಿ ಕಾಗದಕ್ಕೆ ಒತ್ತಿದವನೂ ಅವನೇ. ಒತ್ತಿ ಆದ ಮೇಲೆ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಅವಳು ಅವನ ಮುಖವನ್ನೇ ನೋಡಿ ಕೇಳಿದ್ದಳು: "ಎಲ್ಲಾರ್ನೂ ಬರ್ದೀಯೇನಪ್ಪ?" ಅವನು ಕಾಗದ ಮಡಚುತ್ತ ಹೇಳಿದ್ದ: "ಎಲ್ಲಾರ್ನೂ ಬರ್ದೀನಮ್ಮ." ಸಾವಿರಾರು ಪತ್ರ ಬರೆದ ಜನ್ಮದಲ್ಲಿ ಅವನು ಪತ್ರದ ವಿಷಯದಲ್ಲಿ ಬಾಯಿಬಿಟ್ಟು ಹೇಳಿದ ಸುಳ್ಳು ಬಹುಶಃ ಅದೊಂದೇ. ಬರೆದದ್ದಕ್ಕೆ ಸಾಕ್ಷಿ, ಸಹಿ, ಮೊಹರು ಎಲ್ಲ ಇದ್ದವು. ಪಾಪವನ್ನು ಹಂಚಿಕೊಳ್ಳಲು ಕಚೇರಿ ತುಂಬ ಜನ ಇದ್ದರು. ಹೇಳಿದ ಸುಳ್ಳು ಮಾತ್ರ ಅವನೊಬ್ಬನದೇ ಆಗಿ ಉಳಿಯಿತು.

"ಬರ್ರಿ ಸಾರ್, ಮೇಲೆ ನಿಮಗೊಂದು ತೋರಿಸ್ಬೇಕು," ಎಂದು ಮೇಘಶ್ರೀ ಎದ್ದಳು. ಅವನು ಕುರ್ಚಿಯ ಕೈ ಹಿಡಿದು ಒಮ್ಮೆ ಎದ್ದ, ಮತ್ತೆ ಕುಸಿದು ಕೂತ. ಅಂಜನ್ ಏನೂ ಕಾಣದವನಂತೆ ಬಂದು ಮೊಣಕೈಗೆ ಕೈ ಹಾಕಿ ಎತ್ತಿದ. ಆ ಸೌಜನ್ಯವೇ ಅವನನ್ನು ಇನ್ನಷ್ಟು ಚಿಕ್ಕವನನ್ನಾಗಿ ಮಾಡಿತು. ಆಸರೆಯಿಲ್ಲದ ಮೆಟ್ಟಿಲನ್ನು ಗೋಡೆ ಸವರಿಕೊಂಡು ಹತ್ತಿದ. ತಾರಸಿಯ ಮೇಲೆ ಮಧ್ಯಾಹ್ನದ ಗಾಳಿ ಬೀಸುತ್ತಿತ್ತು; ಒಂದು ಕಡೆ ಕೋಟೆಯ ಬಂಡೆಗಳು, ಇನ್ನೊಂದು ಕಡೆ ಗುಡ್ಡದ ನೆತ್ತಿಯಲ್ಲಿ ತಿರುಗುವ ಬಿಳಿ ರೆಕ್ಕೆಗಳು. ಡಾಕ್ಟರ್ ಹಾಕಿಸಿದ್ದ ಟೈಲ್ಸನ್ನು ಇವರು ಕೀಳಿಸಿದ್ದರು. ಕೆಳಗೆ ಚಿಕ್ಕತಿಮ್ಮಪ್ಪನ ಕಾಲದಲ್ಲಿ ಮತ್ತೆ ಬಳಿಸಿದ್ದ ಹಳೇ ಸಿಮೆಂಟು ತೊಳೆದ ಸ್ಲೇಟಿನ ಬಣ್ಣದಲ್ಲಿತ್ತು. ನೀರಿನ ತೂಬಿನ ಪಕ್ಕ ಮೇಘಶ್ರೀ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ಧೂಳು ಒರೆಸಿದಳು. ಹಸಿ ಗಾರೆಯಲ್ಲಿ ಬೆರಳಿನಿಂದ ಗೀಚಿದ ಅಕ್ಷರಗಳು. ಸುಮಿತ್ರಾ, ೬ನೇ ಕ್ಲಾಸ್. ತ್ರಾ ಒತ್ತಕ್ಷರ ಜಾಗ ಸಾಲದೆ ಕೆಳಗೆ ಜಾರಿತ್ತು.

"ಯಾರು ಸಾರ್ ಇವಳು? ನಿಮ್ಮ ಯಾವ ಪತ್ರದಾಗೂ ಈ ಹೆಸರಿಲ್ವಲ್ಲ."

ಈಗ ಹೇಳಬಹುದಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವನ ಕಸುಬಿನ ತಲೆ ಆಗಲೇ ಲೆಕ್ಕ ಹಾಕಿಬಿಟ್ಟಿತ್ತು. ಬಿಟ್ಟುಹೋದ ವಾರಸುದಾರಳು, ಅವಳ ಸಹಿಯಿಲ್ಲದ ಮಾರಾಟ, ಅದರ ಮೇಲೆ ಇನ್ನೊಂದು ಮಾರಾಟ. ಕಾಲಮಿತಿ ದಾಟಿದೆ ಎಂದು ವಕೀಲರು ವಾದಿಸಬಹುದು, ಗೆಲ್ಲಲೂಬಹುದು. ಆದರೆ ಒಂದು ನೋಟಿಸು ಬಂದರೆ ಸಾಕು, ಟೈಲ್ಸ್ ಕಿತ್ತು ಹಳೇ ನೆಲವನ್ನು ಮಗುವಿನ ಮೈಯಂತೆ ತೊಳೆಯುತ್ತಿರುವ ಈ ಇಬ್ಬರ ನೆಮ್ಮದಿ ಹೋಗಲು. ಅವರಿಗಾಗಿಯೇ ಸುಮ್ಮನಿದ್ದೇನೆ ಎಂದುಕೊಂಡ. ಹಾಗಂದುಕೊಂಡಾಗಲೇ ಅದು ಸುಳ್ಳೆಂದು ಗೊತ್ತಾಯಿತು.

"ಯಾರೋ ಗಾರೆಯೋರ ಮಗು ಇರ್ಬೇಕಮ್ಮ," ಎಂದ.

ಮೇಘಶ್ರೀ ತಲೆಯಾಡಿಸಿ ನೋಟುಬುಕ್ಕಿನಲ್ಲಿ ಅದನ್ನೂ ಬರೆದುಕೊಂಡಳು. ಗಾರೆಯವರ ಮಗು. ಅವಳು ಅಷ್ಟು ನಂಬಿಕೆಯಿಂದ ಬರೆದುಕೊಂಡದ್ದನ್ನು ನೋಡಿ ಮುರುಗಪ್ಪನ ಕಿವಿ ಬಿಸಿಯಾಯಿತು. ಊಟ ಮಾಡಿಕೊಂಡು ಹೋಗ್ರಿ ಎಂದರೂ ಕೇಳದೆ, ಬಸ್ಸು ತಪ್ಪುತ್ತದೆ ಎಂದು ನೆಪ ಹೇಳಿ ಗೇಟು ದಾಟಿದ.

ತನ್ನೂರು ಹೊಳಲ್ಕೆರೆಯಿಂದ ದುರ್ಗಕ್ಕೆ ನಲವತ್ತೈದು ವರ್ಷ ಓಡಾಡಿದ ದಾರಿ ಅದು. ಯಾವ ತಿರುವಿನಲ್ಲಿ ಬಸ್ಸು ಯಾವ ಕಡೆಗೆ ವಾಲುತ್ತದೆ ಎಂದು ಅವನ ಬೆನ್ನಿಗೆ ಗೊತ್ತು. ಕಿಟಕಿಯಾಚೆ ಮೆಕ್ಕೆಜೋಳದ ಹೊಲಗಳು ಸರಿಯುತ್ತಿದ್ದವು. ಆ ಹುಡುಗಿಯನ್ನು ಅವನು ಒಮ್ಮೆ ಮಾತ್ರ ನೋಡಿದ್ದ. ಎಪ್ಪತ್ತೊಂಬತ್ತರ ಪತ್ರದ ದಿನ, ಎರಡು ಜಡೆಯ ಹುಡುಗಿ ದುಂಡು ಕಿಟಕಿಯೊಳಗೆ ಕಾಲು ಮಡಚಿ ಕೂತು, ಬೆನ್ನು ಒಂದು ಕಡೆ, ಪಾದ ಒಂದು ಕಡೆ, ಸರಿಯಾಗಿ ಅದರ ಅಳತೆಗೇ ಹುಟ್ಟಿದವಳಂತೆ ಪುಸ್ತಕ ಓದುತ್ತಿದ್ದಳು. ಆಮೇಲೆ ನೋಡಿದ್ದು ಅವಳನ್ನಲ್ಲ, ಅವಳ ಗಿರಣಿಯ ಬೋರ್ಡನ್ನು. ಹತ್ತು ವರ್ಷದ ಹಿಂದೆ ಹೊಸದುರ್ಗದಲ್ಲಿ ಹೆಂಡತಿ ಯಲ್ಲಕ್ಕನ ತಂಗಿ ಮನೆಗೆ ಹೋಗುವಾಗ, ಅದೇ ಬೀದಿಯಲ್ಲಿ, ಯಾರೋ ಬೆರಳು ಮಾಡಿ, ಚಿಕ್ಕತಿಮ್ಮಪ್ಪನ ಮಗಳು ಇಲ್ಲೇ ಇರೋದು, ಗಂಡ ಹೆಂಡ್ತಿ ಹಿಟ್ಟಿನ ಗಿರಣಿ ಮಡಗವ್ರೆ ಎಂದಿದ್ದರು. ಅವತ್ತಿನಿಂದ ಅವನು ಆ ಬೀದಿಗೆ ಕಾಲಿಟ್ಟಿರಲಿಲ್ಲ. ನಾದಿನಿಯ ಮನೆಯ ನಾಮಕರಣಕ್ಕೆ ಹೊಟ್ಟೆನೋವು, ಗೃಹಪ್ರವೇಶಕ್ಕೆ ರಿಜಿಸ್ಟ್ರೇಷನ್ನಿನ ನೆಪ. ಅಕ್ಕನ ಗಂಡನಿಗೆ ನಮ್ಮ ಮೇಲೆ ಏನೋ ಮುನಿಸು ಎಂದು ನಾದಿನಿ ಅತ್ತಿದ್ದಳಂತೆ. ಯಲ್ಲಕ್ಕ ಕಾರಣ ಕೇಳಿ ಕೇಳಿ ಸುಸ್ತಾಗಿ ಒಬ್ಬಳೇ ಹೋಗಿಬರುತ್ತಿದ್ದಳು.

ಹೊಳಲ್ಕೆರೆಯಲ್ಲಿ ಬಸ್ಸು ನಿಂತಿತು. ಜನ ಇಳಿದರು, ಜನ ಹತ್ತಿದರು. ಮುರುಗಪ್ಪ ಫೈಲನ್ನು ಎದೆಗೊತ್ತಿಕೊಂಡು ಕೂತೇ ಇದ್ದ. ಇಳಿಯಬಾರದೆಂದು ನಿರ್ಧರಿಸಿದ್ದನೆಂದಲ್ಲ, ಏಳಲು ಹೋದ, ಮೈ ಏಳಲಿಲ್ಲ. ಕಂಡಕ್ಟರ್ ಪರಿಚಯದವನು. "ಯಜಮಾನ್ರೇ, ನಿಮ್ಮೂರು ಬಂತು!" ಎಂದ.

"ಹೊಸದುರ್ಗಕ್ಕೆ ಕೊಡಪ್ಪ," ಎಂದ ಮುರುಗಪ್ಪ. ಅವನ ದನಿ ಅವನಿಗೇ ಬೇರೆಯವರದ್ದೆಂಬಂತೆ ಕೇಳಿಸಿತು.

ಗಿರಣಿಯ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಏನು ಹೇಳಬೇಕೆಂದು ಅವನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ, ಪತ್ರದ ಒಕ್ಕಣೆಯ ಹಾಗೆಯೇ. ಸದರಿ, ಮೇಲ್ಕಂಡ, ಸ್ವಸಂತೋಷದಿಂದ. ಹೊಸ್ತಿಲು ದಾಟಿದ್ದೇ ತಡ ಎಲ್ಲ ಕಲಸಿಹೋಯಿತು. ಒಳಗೆ ಬಿಳಿಯ ಮಬ್ಬು. ಬೆಲ್ಟು ಓಡುತ್ತಿತ್ತು, ಗೋಡೆ ನಡುಗುತ್ತಿತ್ತು. ಹುಬ್ಬು, ರೆಪ್ಪೆಗೂದಲಿಗೆಲ್ಲ ಹಿಟ್ಟು ಮೆತ್ತಿದ ದಪ್ಪನೆಯ ಹೆಂಗಸೊಬ್ಬಳು ಯಂತ್ರದ ಬಾಯಿಗೆ ರಾಗಿ ಸುರಿಯುತ್ತಿದ್ದಳು. ಪಕ್ಕದಲ್ಲಿ ರಾಗಿಯ ಒಡತಿ ಹುಚ್ಚಕ್ಕ ಎಂಬ ಮುದುಕಿ ಖಾಲಿ ಡಬ್ಬಿ ಬೋರಲು ಹಾಕಿ ಅದರ ಮೇಲೆ ಕೂತಿದ್ದಳು.

"ಏನ್ ತಂದೀರಿ? ಗೋದೀನಾ?" ಎಂದು ಕೂಗಿದಳು ಗಿರಣಿಯವಳು.

"ನಾನು ಮುರುಗಪ್ಪ! ಪತ್ರ ಬರೆಯೋನು!"

"ಏನು?"

"ದುರ್ಗದಾಗೆ! ನಿಮ್ಮ ಮನೆ ಪತ್ರ ಬರೆದೋನು!"

"ಕೇಳಿಸ್ತಿಲ್ಲ, ಗಟ್ಟಿಗೆ ಹೇಳ್ರಿ!"

ಮೂವತ್ತೊಂದು ವರ್ಷ ಹೆಂಡತಿಗೂ ಪಿಸುಗುಟ್ಟದ ಮಾತನ್ನು ಮುರುಗಪ್ಪ ಕತ್ತಿನ ನರ ಉಬ್ಬಿಸಿ ಅರಚಬೇಕಾಯಿತು. "ರೇಡಿಯೋ ಮನೆ ಮಾರುವಾಗ ನಿನ್ನ ಹೆಸರು ನಾನೇ ಬಿಟ್ಟೆ ತಾಯಿ! ಬೇಕಂತಲೇ ಬಿಟ್ಟೆ! ನಿಮ್ಮವ್ವ ಕೇಳಿದ್ರೆ ಎಲ್ಲಾರ್ನೂ ಬರ್ದೀನಿ ಅಂತ ಸುಳ್ಳು ಹೇಳ್ದೆ!" ಕೊನೆಯ ಮಾತಿನ ನಡುವೆ ಅವಳು ಸ್ವಿಚ್ಚು ಎಳೆದಳು. ಯಂತ್ರ ನಿಂತು, "ಸುಳ್ಳು ಹೇಳ್ದೆ" ಎಂಬುದು ಬೀದಿಗೆಲ್ಲ ಕೇಳುವಂತೆ ಹೊರಬಿತ್ತು. ಎದುರಿನ ಸೈಕಲ್ ಅಂಗಡಿಯವನು ತಲೆ ಎತ್ತಿ ನೋಡಿದ. ಹುಚ್ಚಕ್ಕ ಡಬ್ಬಿಯ ಮೇಲೆ ನೆಟ್ಟಗಾಗಿ ಕೂತು, ತಪ್ಪಿತಸ್ಥನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ಸುಮಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟಿನ ಕೆಳಗಿನಿಂದ ಐವತ್ತೈದರ, ನಗುವಿನ ಗೆರೆಗಳಿದ್ದ ಮುಖ ಹೊರಗೆ ಬಂತು. "ಕುಂತ್ಕಳ್ರಿ," ಎಂದು ಒಂದು ಮೂಟೆ ತೋರಿಸಿದಳು. "ನೀರು ಕುಡೀರಿ ಮೊದ್ಲು. ನಮ್ಮನೆಯೋರು ಬೆಲ್ಟು ತರಾಕೆ ಹಿರಿಯೂರಿಗೆ ಹೋಗವ್ರೆ. ಇದ್ದಿದ್ರೆ ಅವರಿಗೂ ತೋರಿಸ್ತಿದ್ದೆ ನಿಮ್ಮನ್ನ. ನಮ್ಮನೇಲಿ ನಿಮ್ಮ ಹೆಸರು ಗೊತ್ತಿಲ್ಲದೋರಿಲ್ಲ."

ಮುರುಗಪ್ಪ ಚೊಂಬನ್ನು ಕುಡಿಯದೆ ಕೆಳಗಿಟ್ಟ.

"ನಮ್ಮವ್ವ ಕೊನೇಗೆ ಒಂಬತ್ತು ವರ್ಷ ನನ್ ಹತ್ರಾನೇ ಇದ್ಲು. ಅಗೋ, ಆ ಮೂಲೇಲಿ ಕುಂತು ಜರಡಿ ಹಿಡೀತಿದ್ಲು. ನಿಮ್ಮನ್ನ ಬೈಯೋಳು."

"ಬೈಯಬೇಕಾದ್ದೇ," ಎಂದ ಮುರುಗಪ್ಪ.

"ನೀವು ಅನ್ಕಂಡಿರೋದಕ್ಕಲ್ಲ ಕಣ್ರಿ." ಸುಮಿತ್ರಾ ಯಂತ್ರಕ್ಕೆ ಒರಗಿ ನಿಂತಳು. "ನಾನು ಇವರ ಜೊತೆ, ಜಯಕುಮಾರ್ ಜೊತೆ, ಮನೆ ಬಿಟ್ಟು ಬಂದು ಮೂರು ವರ್ಷ ಆಗಿತ್ತು. ಎಲ್ಲಿದೀನಿ ಅಂತ ಅವ್ವಗೊಬ್ಬಳಿಗೇ ಗೊತ್ತು. ದೊಡ್ಡಣ್ಣ ಸಿಕ್ಕಿದ್ರೆ ಇವರ ಕಾಲು ಮುರೀತೀನಿ ಅಂತ ತಿರುಗ್ತಿದ್ದ. ಪತ್ರದಾಗೆ ನನ್ನ ಹೆಸರಿದ್ರೆ ನನ್ನ ಸಹಿ ಬೇಕಲ್ಲ? ಸಹಿಗೆ ಅಂತ ನನ್ನ ಹುಡುಕ್ಕೊಂಡು ಬಂದೇ ಬರ್ತಿದ್ರು. ಅವ್ವ ನಿಮ್ಮನ್ನ ಕೇಳಿದ್ದು ನನ್ನ ಹೆಸರು ಇಲ್ಲ ತಾನೆ ಅಂತ ಖಾತ್ರಿ ಮಾಡ್ಕಳಾಕೆ. ಅಣ್ಣಂದಿರ ಮುಂದೆ ಬಾಯಿಬಿಟ್ಟು ಕೇಳಾಕಾಗುತ್ತಾ? ಅದ್ಕೇ ಹಂಗೆ ಕೇಳಿದ್ಲು. ನೀವು ನೋಡಿದ್ರೆ ಎಲ್ಲಾರ್ನೂ ಬರ್ದೀನಿ ಅಂದ್ಬಿಟ್ರಿ! ಹೆಬ್ಬೆಟ್ಟು ಒತ್ತಿ ಆಗೋಗಿತ್ತು. ಮೂರು ದಿನ ಅವ್ವಗೆ ಅನ್ನ ಇಳೀಲಿಲ್ಲಂತೆ. ಆಮೇಲೆ ಪಕ್ಕದ ಮನೆ ಟೀಚರಮ್ಮನ ಹತ್ರ ನಕಲು ಓದ್ಸಿ, ನಾನು ಅದ್ರಾಗಿಲ್ಲ ಅಂತ ಗೊತ್ತಾದ ಮೇಲೆ ಉಂಡ್ಲಂತೆ. ಸಾಯೋವರೆಗೂ ಹೇಳ್ತಿದ್ಲು, ಆ ಮುರುಗಪ್ಪ ಒಂದು ನಿಜ ಹೇಳಿದ್ರೆ ನನ್ನ ಮೂರು ದಿನದ ಊಟ ಉಳೀತಿತ್ತು ಅಂತ."

ಹುಚ್ಚಕ್ಕ ಕಿಸಕ್ಕನೆ ನಕ್ಕಳು. ತನ್ನ ಮುಖವನ್ನೇ ನೋಡಿದ ದುರುಗಕ್ಕನ ಆ ಕಣ್ಣುಗಳನ್ನು ಮುರುಗಪ್ಪ ಎಷ್ಟು ಸಲ ನೆನೆದಿದ್ದ! ಅಲ್ಲಿ ಕಂಡದ್ದು ಆಪಾದನೆ ಎಂದುಕೊಂಡು ಅದಕ್ಕೆ ತಕ್ಕಂತೆ ತನ್ನ ಅರ್ಧ ಆಯುಷ್ಯವನ್ನು ಬಾಗಿಸಿಕೊಂಡಿದ್ದ, ಬೀದಿ ತಪ್ಪಿಸಿದ್ದ, ನಾದಿನಿಯನ್ನು ಅಳಿಸಿದ್ದ. ಅದು ಬರೀ ಭಯವಾಗಿತ್ತು, ಒಬ್ಬ ತಾಯಿಯ ಭಯ. ಬಿಡುಗಡೆಯಾದಂತೆ ಅನ್ನಿಸುವ ಮೊದಲು ಅವನಿಗೆ ಏನನ್ನೋ ಕಳಕೊಂಡಂತೆ ಅನ್ನಿಸಿತು. ತನ್ನದೆಂದು ಅಷ್ಟು ಜತನದಿಂದ ಕಾಯ್ದುಕೊಂಡು ಬಂದ ಪಾಪದ ಚಕ್ಕುಬಂದಿಯೇ, ಅದರ ಗಡಿ ಗುರುತೇ ತಪ್ಪಾಗಿತ್ತು.

"ಹಂಗಂತ ನೀವು ಮಾಡಿದ್ದು ಸರಿ ಅನ್ನಲ್ಲ ನಾನು," ಎಂದಳು ಸುಮಿತ್ರಾ, ನಗು ನಿಲ್ಲಿಸಿ. "ಇದ್ದ ಮಗಳನ್ನ ಇಲ್ಲ ಅಂತ ಬರೆದದ್ದು ತಪ್ಪೇ. ನಮ್ಮ ಅವ್ವಗೆ ಅನುಕೂಲ ಆಯ್ತು, ಅದು ಬೇರೆ ಮಾತು."

"ತಪ್ಪೇ ತಾಯಿ," ಎಂದ ಅವನು. ಇಷ್ಟು ಸಣ್ಣ ಮಾತು. ಬಾಯಿಂದ ಸಲೀಸಾಗಿ ಬಂತು. ಆ ಮೂರು ದಿನದ ಹಸಿವು ಮಾತ್ರ ಅವನ ಪಾಲಿಗೆ ಉಳಿಯಿತು. ಅದಕ್ಕೆ ಅಳತೆಯಿತ್ತು, ಹೊರಬಹುದು ಅನ್ನಿಸಿತು.

ಅಲ್ಲಿಂದಲೇ ಮೇಘಶ್ರೀಗೆ ಫೋನು ಮಾಡಿದ. ಗಾರೆಯವರ ಮಗು ಎಂದದ್ದು ಸುಳ್ಳು, ಆ ಹೆಸರು ಚಿಕ್ಕತಿಮ್ಮಪ್ಪನ ಮಗಳದು, ಬಿಟ್ಟವನು ನಾನು ಎಂದು ಒಂದೇ ಉಸಿರಿಗೆ ಹೇಳಿದ. ಆ ಕಡೆ ಒಂದು ಮನೆಯ ತಳಪಾಯ ಅಲುಗುತ್ತಿರುವುದು ಅವನಿಗೆ ಗೊತ್ತಿತ್ತು.

"ಅಂದ್ರೆ ಈ ಮನೇಲಿ ಅವರದ್ದೂ ಪಾಲಿತ್ತು," ಎಂದಳು ಮೇಘಶ್ರೀ.

"ಇತ್ತಮ್ಮ."

"ಅವರು ಎಲ್ಲವ್ರೆ ಈಗ?"

"ನನ್ನ ಎದುರಿಗೇ."

"ಕೊಡ್ರಿ ಅವರಿಗೆ," ಎಂದಳು ಹುಡುಗಿ. ದನಿ ನಡುಗಿದರೂ ಕೊಡಿ ಎಂದಳು.

ಸುಮಿತ್ರಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದಳು. "ಹೆದರಬ್ಯಾಡವ್ವ. ನೋಟೀಸು ಗೀಟೀಸು ಏನೂ ಕಳ್ಸಲ್ಲ. ಬೇಕಾದ್ರೆ ಬರ್ದೂ ಕೊಡ್ತೀನಿ, ಬರೆಯೋರು ಇಲ್ಲೇ ಕುಂತವ್ರೆ." ಆಮೇಲೆ, "ಮಳೆ ಬಂದ್ರೆ ದುಂಡು ಕಿಟಕಿ ಕೆಳಗೆ ಇನ್ನೂ ಒಸರ್ತೈತಾ?" ಎಂದು ಕೇಳಿದಳು. ಆ ಕಡೆಯಿಂದ ಏನೋ ಉತ್ಸಾಹದ ಮಾತು ಬಂತು. "ಅದು ಗೋಡೆದಲ್ಲ ಕಣವ್ವ, ಮೇಲಿನ ತೂಬಿಂದು. ಒಳಗೆ ಪೈಪು ಒಂದು ಕಡೆ ಮಡಚೈತೆ, ಎಲೆ ಸಿಕ್ಕಂತಾವೆ. ನಾನು ಕಡ್ಡಿ ಹಾಕಿ ತೆಗೀತಿದ್ದೆ." ಮಾತು ಸಾಗಿತು. ಗಾಳಿಗೆ ಯಾವ ಕಿಟಕಿ ತೆರೆಯಬೇಕು, ಬೇಸಿಗೆಯಲ್ಲಿ ಮೆಟ್ಟಿಲ ಎಷ್ಟನೆಯ ಹಾಸಿನ ಮೇಲೆ ಕೂತರೆ ತಂಪು, ಅಡುಗೆಮನೆಯ ಗೂಡು ಯಾಕೆ ಅಷ್ಟು ಆಳ. ಪತ್ರಗಳಲ್ಲಿ ಮುರುಗಪ್ಪ ಆ ಮನೆಯ ಉದ್ದ ಅಗಲ, ಬಾಗಿಲು ಕಿಟಕಿ, ನಾಲ್ಕು ದಿಕ್ಕಿನ ಗಡಿ ಎಲ್ಲ ಬರೆದಿದ್ದ. ಇದೊಂದೂ ಅವನಿಗೆ ಗೊತ್ತಿರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿ ಕೇಳುತ್ತ ಕೂತ. ಬಾಗಿಲಿನಿಂದ ಬಿದ್ದ ಇಳಿಬಿಸಿಲು ಅವನ ಪಾದದ ಮೇಲಿತ್ತು. ಮೈಯೊಳಗೆ ಎಲ್ಲೋ ಬಹಳ ದಿನದಿಂದ ಬಿಗಿದಿದ್ದ ಒಂದು ನರ ಸಡಿಲಾಗಿತ್ತು, ನಿದ್ದೆ ಬರುವಂತಾಯಿತು.

"ಭಾನುವಾರ ಬರ್ತೀನಿ. ನಮ್ಮನೆಯೋರನ್ನೂ ಕರ್ಕಂಡು ಬರ್ತೀನಿ," ಎಂದು ಸುಮಿತ್ರಾ ಫೋನು ವಾಪಸು ಕೊಟ್ಟಳು. ಹಿಟ್ಟು ಮೆತ್ತಿದ ಕೆನ್ನೆಯಲ್ಲಿ ಒಂದು ಗೆರೆ ಒದ್ದೆಯಾಗಿತ್ತು. ಅದನ್ನು ಅವಳು ಒರೆಸಿಕೊಳ್ಳಲಿಲ್ಲ.

"ಏ ಸುಮಿತ್ರವ್ವ, ನನ್ನ ರಾಗಿ ಅರ್ಧಕ್ಕೆ ನಿಂತೈತೆ ಕಣೇ," ಎಂದಳು ಹುಚ್ಚಕ್ಕ. "ನಿಮ್ಮ ಪಾಲುಪಟ್ಟಿ ಆಮ್ಯಾಕೆ ಮಾಡ್ಕಳ್ರಿ."

ಸುಮಿತ್ರಾ ಸ್ವಿಚ್ಚು ಹಾಕಿದಳು. ನೆಲ ಮತ್ತೆ ನಡುಗಿತು. ಬಸ್ಸು ಐದೂವರೆಗಿದೆ ಎಂದು ಮುರುಗಪ್ಪ ಎದ್ದು ನಿಂತ. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವಾಯಿತೋ, ಯಂತ್ರದಿಂದ ಹಿಟ್ಟು ಬೀಳುವ ಕಡೆ ಕಟ್ಟಿದ ಬಟ್ಟೆಯ ತೋಳನ್ನು ತೋರಿಸಿ, "ಹಿಡ್ಕಳ್ರಿ ಸ್ವಲ್ಪ!" ಎಂದು ಕೂಗಿ ಹೊಸ ಡಬ್ಬಿ ತರಲು ಒಳಕ್ಕೆ ಹೋದಳು. ಅವನು ಫೈಲನ್ನು ಮೂಟೆಯ ಮೇಲಿಟ್ಟು ಎರಡೂ ಕೈಯಿಂದ ಬಟ್ಟೆ ಹಿಡಿದ. ಬೆಚ್ಚನೆಯ ಹಿಟ್ಟು ಬಟ್ಟೆಯೊಳಗೆ ಇಳಿಯುತ್ತ ಅಂಗೈಗಳನ್ನು ತುಂಬಿ ದಾಟಿ ಹೋಗುತ್ತಿತ್ತು. ರಾಗಿಯ ಹಸಿ ವಾಸನೆ ಮೂಗಿಗೇರಿತು. ಬೀದಿಯ ತುದಿಯಲ್ಲಿ ಬಸ್ಸು ಹಾರನ್ನು ಹೊಡೆಯಿತು. ಅಷ್ಟರಲ್ಲಿ ಹೆಂಗಸೊಬ್ಬಳು ಒಳಗೆ ಬಂದು ಅವನ ಕಾಲ ಬಳಿ ಡಬ್ಬಿ ಇಳಿಸಿ, "ಗೋದಿ ಐತೆ, ನುಣ್ಣಗೆ ಬೀಸ್ರಿ ಯಜಮಾನ್ರೇ!" ಎಂದು ಕಿವಿಯ ಹತ್ತಿರ ಕೂಗಿದಳು.

"ಆಯ್ತಮ್ಮ, ಇಡ್ರಿ," ಎಂದ ಮುರುಗಪ್ಪ, ಬಟ್ಟೆಯಿಂದ ಕೈ ತೆಗೆಯದೆ.